ಕಲಬುರಗಿ ಪೇಟೆಯ ಧಾರಣೆ: ತಿಳಿದವರು ಮತ್ತು ಕಾಯಬಲ್ಲವರು

ಧಾರಣೆ ಕ್ಷಣದಲ್ಲಿ ತಿಳಿದರೆ ವ್ಯಾಪಾರದ ನಿರ್ಧಾರ ತಪ್ಪುವುದಿಲ್ಲ ಎಂಬುದು ಇಂದಿನ ನಂಬಿಕೆ. ಕಲಬುರಗಿ ಪೇಟೆಯ ಚರಿತ್ರೆ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. 1347ರಲ್ಲಿ ಈ ಊರು ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಎರಡನೆಯ ಸುಲ್ತಾನ ಮುಹಮ್ಮದ್ ಶಾಹ ಹೊರಡಿಸಿದ ನಾಣ್ಯಗಳನ್ನು ಸರಾಫರು ಕರಗಿಸುತ್ತಿದ್ದರೆಂದೂ, ಅವರನ್ನು ಕೊಲ್ಲಿಸಿ ಆ ಕಸುಬನ್ನು ಉತ್ತರದಿಂದ ಬಂದ ಖತ್ರಿಗಳಿಗೆ ಒಪ್ಪಿಸಿದನೆಂದೂ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಎರಡು ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಬರೆದವನ ಮಾತನ್ನು ಹಾಗೆಯೇ ನಂಬಬೇಕಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ: ಲೋಹದ ಬೆಲೆ ಬಲ್ಲವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆಂಬುದು ಆಳುವವರಿಗೆ ಗೊತ್ತಿತ್ತು.

ಮುಂದೆ ಈ ನೆಲದ ಜೀವಾಳವಾದದ್ದು ತೊಗರಿ. ನಿಯಂತ್ರಿತ ಮಾರುಕಟ್ಟೆಗಳು ಬರುವ ಮುನ್ನ ದೇಶದ ಹಲವು ಸಂತೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಮಾಲಿನ ಒಡೆಯನಿಗೇ ಲೆಕ್ಕ ಕಾಣುತ್ತಿರಲಿಲ್ಲ. ಹೈದರಾಬಾದ್ ಸಂಸ್ಥಾನದ 1930ರ ಕೃಷಿ ಮಾರುಕಟ್ಟೆ ಕಾಯ್ದೆ, ಬಳಿಕ ಕರ್ನಾಟಕದ 1966ರ ಕಾಯ್ದೆ, ವಹಿವಾಟನ್ನು ಬಯಲಿಗೆ ತಂದವು. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಟೆಂಡರನ್ನು ಕಂಪ್ಯೂಟರಿಗೆ ಏರಿಸಿತು. 2016ರಲ್ಲಿ ರಾಷ್ಟ್ರಮಟ್ಟದ ಇ-ನಾಮ್ ವೇದಿಕೆ ಬಂತು. ದಾಲ್ ಮಿಲ್ ಮಾಲೀಕ ಈಗ ಹಲವು ಗಂಜ್‌ಗಳ ಆವಕ, ಧಾರಣೆ ನೋಡಿಕೊಂಡು ಇಂದು ಎಷ್ಟು ಕೊಳ್ಳಬೇಕು, ಎಷ್ಟು ದಾಸ್ತಾನಿಡಬೇಕು ಎಂದು ತೀರ್ಮಾನಿಸಬಲ್ಲ.

ಲಾಭ ರೈತನಿಗೂ ಮುಟ್ಟಿತೇ? ಏಕೀಕೃತ ವೇದಿಕೆಯ ಪರಿಣಾಮವನ್ನು ಅಳೆದ, 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಭತ್ತ, ಶೇಂಗಾ, ಮೆಕ್ಕೆಜೋಳದ ಬೆಲೆ ಕ್ರಮವಾಗಿ ಸುಮಾರು ಶೇ 5.1, 3.6, 3.5ರಷ್ಟು ಏರಿತು, ತೊಗರಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಹಾಗಾದರೆ ವೇದಿಕೆಯೇ ವ್ಯರ್ಥವೆಂದು ಯಾರಾದರೂ ವಾದಿಸಬಹುದು. ಮೂರು ಬೆಳೆಗಳ ಫಲಿತಾಂಶವೇ ಅದಕ್ಕೆ ಉತ್ತರ. ಆದರೆ ಕಂಪ್ಯೂಟರ್ ಪರದೆ ಧಾರಣೆಯನ್ನು ತೋರಿಸುತ್ತದೆ, ಅಷ್ಟೇ. ಕೊಳ್ಳುವವರ ಪೈಪೋಟಿಯನ್ನೂ ಮಾಲಿನ ಗುಣಮಟ್ಟದ ಪರೀಕ್ಷೆಯನ್ನೂ ತಾನೇ ಹುಟ್ಟಿಸುವುದಿಲ್ಲ. ಇನ್ನೊಂದು ತೊಡಕು ಕಾಲದ್ದು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಬೆಲೆ ಕಂಡವರು ಮರುವರ್ಷ ಹೆಚ್ಚು ಬಿತ್ತಿದರು; ಮಳೆಯೂ ಕೈಹಿಡಿಯಿತು; ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ನಿಂದ 48.7 ಲಕ್ಷ ಟನ್‌ಗೆ ಜಿಗಿಯಿತು. ಧಾರಣೆ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಮಿಲ್ಲಿನವನ ನಿರ್ಧಾರ ದಿನಗಳದ್ದು, ರೈತನದು ಮುಂಗಾರಿನಿಂದ ಸುಗ್ಗಿಯವರೆಗಿನದು; ಇಂದಿನ ಧಾರಣೆ ಇಬ್ಬರಿಗೂ ಒಂದೇ ದಾರಿ ತೋರದು.

ಮುಂಬರುವ ಬೆಲೆಯ ಸುಳಿವು ಕೊಡಬಹುದಾಗಿದ್ದ ತೊಗರಿ ವಾಯಿದಾ ವ್ಯಾಪಾರವನ್ನು ಕೇಂದ್ರ 2007ರ ಜನವರಿಯಲ್ಲಿ ನಿಷೇಧಿಸಿತು. ಸಟ್ಟಾದ ಭಯ ಸಕಾರಣವೇ. ಆದರೆ ವಾಯಿದಾದಿಂದಲೇ ಬೆಲೆ ಏರಿತೆಂಬುದಕ್ಕೆ 2008ರ ಅಭಿಜಿತ್ ಸೇನ್ ಸಮಿತಿಗೆ ಖಚಿತ ಆಧಾರ ಸಿಗಲಿಲ್ಲ. ಆ ದಾರಿ ಬೇಡವಾದರೆ ಬಿತ್ತನೆಯ ವಿಸ್ತೀರ್ಣ, ದಾಸ್ತಾನು, ಆಮದು ಒಪ್ಪಂದಗಳ ಲೆಕ್ಕವಾದರೂ ಧಾರಣೆಯಷ್ಟೇ ಬೇಗ ಹಳ್ಳಿಗೆ ತಲುಪಬೇಕು, ಗೋದಾಮಿನ ರಸೀದಿಯ ಮೇಲೆ ಸಾಲ ಸಲೀಸಾಗಿ ಸಿಗಬೇಕು. ಬೆಲೆ ತಿಳಿದೂ ಕಾಯಲಾಗದವನು ಅಂದಿನ ಧಾರಣೆಗೇ ಮಾರಿ ಹೋಗುತ್ತಾನೆ. ಅವನಿಗೆ ಕಾಯುವ ಬಲ ಕೊಡದ ಮಾಹಿತಿ ವ್ಯವಸ್ಥೆ ಮೊದಲೇ ಬಲವಿದ್ದವನನ್ನಷ್ಟೇ ಇನ್ನಷ್ಟು ಬಲಪಡಿಸುತ್ತದೆ.