ಬಸ್ ನಂಬರ್, ಗೊಬ್ಬರ, ಮಿದುಳು
ಅಂಕಿಅಂಶದ ಇತಿಹಾಸ | ಭಾಗ 7 🧠

20ನೇ ನಂಬರ್ ಬಸ್ಸು 10ನೇ ನಂಬರ್ ಬಸ್ಸಿಗಿಂತ ಎರಡು ಪಟ್ಟು ದೊಡ್ಡದಾ? ಅಲ್ಲ ಅಲ್ವಾ. ಅದು ನಂಬರ್ ವೇಷ ಹಾಕಿರೋ ಹೆಸರು. ನಮಗಿದು ಗೊತ್ತು. ಮಿದುಳಿನ ಸ್ಕ್ಯಾನ್ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ಹೇಳಿಕೊಡೋ ವಿದ್ಯೆ ಹುಟ್ಟಿದ್ದು ಹೊಲದಲ್ಲಿ!

📍1919. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ರೊನಾಲ್ಡ್ ಫಿಶರ್ ಸೇರಿದರು. ಯಾವ ಗೊಬ್ಬರ, ಯಾವ ತಳಿ? ಇವು ಅಳತೆಗಳಲ್ಲ, ಬಗೆಗಳು. ಒಂದೊಂದು ಬಗೆಯ ಸರಾಸರಿ ಇಳುವರಿಯನ್ನು ಹೋಲಿಸೋಕೆ ಅವರು 'ಅನೋವಾ' ಕಟ್ಟಿದರು. 1925ರ ಅವರ ಪುಸ್ತಕದಿಂದ ಅದು ಹರಡಿತು.

📍1957. ಅಳತೆಗಳಿಗೆ ಬಳಸೋ ರಿಗ್ರೆಶನ್‌ನಲ್ಲಿ ಬಗೆಗಳನ್ನು ಸೇರಿಸೋದು ಹೇಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಸ್ಯೂಟ್ಸ್ ಒಂದು ಲೇಖನದಲ್ಲಿ ಬಿಡಿಸಿ ಹೇಳಿದರು. ಬಗೆಗೊಂದು ಕಾಲಂ, ಅದಕ್ಕೆ ಸೇರಿದ್ರೆ 1, ಇಲ್ದಿದ್ರೆ 0. ಇದೇ 'ಡಮ್ಮಿ ವೇರಿಯಬಲ್'.

📍1990ರ ದಶಕ. ಲಂಡನ್ನಿನಲ್ಲಿ ಕಾರ್ಲ್ ಫ್ರಿಸ್ಟನ್ ಮಿದುಳಿನ ಚಿತ್ರಗಳಿಗಾಗಿ 'ಎಸ್‌ಪಿಎಂ' ರೂಪಿಸಿದರು. ಅನೋವಾ, ರಿಗ್ರೆಶನ್ ಎರಡೂ ಒಂದೇ ಜನರಲ್ ಲೀನಿಯರ್ ಮಾಡೆಲ್‌ನ ರೂಪಗಳು ಅಂತ 1995ರಲ್ಲಿ ಅವರೂ ಸಂಗಡಿಗರೂ ಬರೆದರು. ಹೊಲದ ಲೆಕ್ಕ ಮಿದುಳಿನ ಪುಟ್ಟ ಪುಟ್ಟ ಘನಾಕಾರದ ತುಣುಕುಗಳಿಗೆ, ಅಂದ್ರೆ ವಾಕ್ಸೆಲ್‌ಗಳಿಗೆ, ಬಂತು.

ಈಗ ನಿಮ್ಮ ಸರದಿ. ಮೂರು ಆಸ್ಪತ್ರೆಗಳ ಸ್ಕ್ಯಾನ್ ಇದೆ, ಮೂರು ಕಡೆ ಬೇರೆ ಬೇರೆ ಮಷೀನು. ಅದಕ್ಕೆ 1, 2, 3 ಅಂತ ಒಂದೇ ಕೋವೇರಿಯೇಟ್ ಹಾಕಿದ್ರೆ? 1ರಿಂದ 2ಕ್ಕೆ ಎಷ್ಟು ವ್ಯತ್ಯಾಸವೋ 2ರಿಂದ 3ಕ್ಕೂ ಅಷ್ಟೇ ಅಂತ ಸಾಫ್ಟ್‌ವೇರ್ ನಂಬುತ್ತೆ. ಎರರ್ ಬರಲ್ಲ. ಬಣ್ಣಬಣ್ಣದ ನಕ್ಷೆ ಬಂದೇ ಬರುತ್ತೆ. ಒಂದು ಆಸ್ಪತ್ರೆಯಲ್ಲಿ ರೋಗಿಗಳೇ ಜಾಸ್ತಿ ಇದ್ರೆ, ಮಷೀನಿನ ವ್ಯತ್ಯಾಸವೇ ರೋಗದ ಗುರುತಿನ ಹಾಗೆ ಕಾಣಬಹುದು. ಭಯ ಇರೋದು ಇಲ್ಲೇ.

✅ ಮೂರು ಆಸ್ಪತ್ರೆಗೆ ಎರಡು 0-1 ಕಾಲಂ ಸಾಕು. ಎರಡರಲ್ಲೂ 0 ಇದ್ರೆ ಅದೇ ಮೂರನೆಯದು.
✅ ಎರಡೇ ಬಗೆ ಇದ್ರೆ ಒಂದೇ ಕಾಲಂ ಸಾಕು. ಅಲ್ಲಿ 1, 2 ಅಂತ ಬರೆದರೂ ತೊಂದರೆ ಇಲ್ಲ.
⚠️ ಗುಂಪುಗಳ ಕಾಲಂ ಜೊತೆ ಮೂರನ್ನೂ ಹಾಕಿದ್ರೆ ಒಂದು ಹೆಚ್ಚಾಗುತ್ತೆ, ಲೆಕ್ಕಕ್ಕೆ ಒಂದೇ ಉತ್ತರ ಇರಲ್ಲ. ಎಸ್‌ಪಿಎಂ ಆ ಕಾಲಂಗಳ ಕೆಳಗೆ ಬೂದು ಬಣ್ಣ ತೋರಿಸುತ್ತೆ, ಗಮನಿಸಿ.
⚠️ ರೋಗಿಗಳೆಲ್ಲ ಒಂದು ಆಸ್ಪತ್ರೆ, ಆರೋಗ್ಯವಂತರೆಲ್ಲ ಇನ್ನೊಂದು ಅಂತಾದ್ರೆ ಯಾವ ಕಾಲಮ್ಮೂ ಕಾಪಾಡಲ್ಲ. ಯಾರನ್ನು ಎಲ್ಲಿ ಸ್ಕ್ಯಾನ್ ಮಾಡಬೇಕು ಅನ್ನೋದನ್ನ ಮೊದಲೇ ಯೋಚಿಸಬೇಕು. ಫಿಶರ್ ಹೊಲದಲ್ಲಿ ಹೇಳಿದ್ದೂ ಇದನ್ನೇ: ಬಿತ್ತೋ ಮುಂಚೆ ಪ್ಲಾನ್ ಮಾಡಿ.

ನಿಮ್ಮ ಡೇಟಾದಲ್ಲಿ ನಂಬರ್ ವೇಷ ಹಾಕಿರೋ ಹೆಸರು ಯಾವುದು? ಕಾಮೆಂಟ್ ಮಾಡಿ 👇

#ಅಂಕಿಅಂಶದಇತಿಹಾಸ #ಮಿದುಳು #ಕನ್ನಡದಲ್ಲಿವಿಜ್ಞಾನ