ಚಾಸಿ ಕಂಪನಿಯದು, ಬಾಡಿ ಬಡಗಿಯದು

ಹೆದ್ದಾರಿಯಲ್ಲಿ ಒಮ್ಮೊಮ್ಮೆ ವಿಚಿತ್ರ ವಾಹನಗಳ ಸಾಲೊಂದು ಎದುರಾಗುವುದುಂಟು. ಮುಂದೆ ಲಾರಿಯ ಮೂತಿ, ಅದರ ಹಿಂದೆ ಸ್ಟಿಯರಿಂಗ್ ಚಕ್ರ, ಅದರ ಹಿಂದೆ ಎರಡು ಉದ್ದನೆಯ ಉಕ್ಕಿನ ತೊಲೆಗಳು. ಬಾಗಿಲಿಲ್ಲ, ಚಾವಣಿಯಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡ ಚಾಲಕ ಬಿಸಿಲು ಗಾಳಿಗಳಿಗೆ ಮೈಯೊಡ್ಡಿ ತಾತ್ಕಾಲಿಕ ಆಸನದ ಮೇಲೆ ಕುಳಿತಿರುತ್ತಾನೆ. ಜಮ್‌ಷೆಡ್‌ಪುರದ ಕಾರ್ಖಾನೆಯಿಂದ ಹೊರಟ ಇಂಥ ಗಾಡಿ ಬೆಂಗಳೂರು ಸೇರಬೇಕಾದರೆ ಎರಡು ಸಾವಿರ ಕಿಲೋಮೀಟರಿಗೆ ಹತ್ತಿರದಷ್ಟು ದಾರಿ. ಇದು ಕೆಟ್ಟು ಕಳಚಿದ ಲಾರಿಯಲ್ಲ, ಇನ್ನೂ ಲಾರಿಯಾಗಬೇಕಾದ ಲಾರಿ. ಇದಕ್ಕೆ ಚಾಸಿ ಎಂದು ಹೆಸರು.

ನಮ್ಮ ಆಡುಮಾತು ಈ ವ್ಯವಹಾರವನ್ನು ಬಹಳ ನಿಖರವಾಗಿ ಹಿಡಿದಿದೆ. ಚಾಸಿಯನ್ನು ಕೊಳ್ಳುತ್ತಾರೆ, ಬಾಡಿಯನ್ನು ‘ಕಟ್ಟಿಸುತ್ತಾರೆ’. ಮನೆ ಕಟ್ಟಿಸಿದಂತೆ, ಬಾವಿ ಕಟ್ಟಿಸಿದಂತೆ. ಕಾರು ಕಟ್ಟಿಸುತ್ತೇನೆ, ಸ್ಕೂಟರ್ ಕಟ್ಟಿಸುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಲಾರಿ ಮತ್ತು ಬಸ್ಸುಗಳ ಮಟ್ಟಿಗೆ ಮಾತ್ರ ಎಂಜಿನ್ನು, ಗೇರು, ಅಚ್ಚುಗಳನ್ನು ದೊಡ್ಡ ಕಾರ್ಖಾನೆ ಮಾಡುವುದು, ಉಳಿದದ್ದನ್ನು ಊರಿನ ಬಡಗಿ, ಕಮ್ಮಾರ, ಬಣ್ಣಗಾರರು ಮಾಡುವುದು ಎಂಬ ಶ್ರಮವಿಭಜನೆ ಈ ದೇಶದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿತು.

ಇದರ ಬೇರು ಮೋಟಾರಿಗಿಂತ ಹಳೆಯದು. ಕುದುರೆಗಾಡಿಯ ಕಾಲದಲ್ಲಿ ಸಾರೋಟು ಕಟ್ಟುವುದೇ ಒಂದು ಪ್ರತ್ಯೇಕ ಕಸುಬಾಗಿತ್ತು. ಮದರಾಸಿನಲ್ಲಿ 1840ರಲ್ಲಿ ಆರಂಭವಾದ ಸಿಂಪ್ಸನ್ ಕಂಪನಿ ಇಂಥ ಸಾರೋಟುಗಳಿಂದಲೇ ಹೆಸರು ಪಡೆದದ್ದು. ಮುಂದೆ ಮೋಟಾರು ಬಂದಾಗ ಕುದುರೆ ಹೋಯಿತೇ ಹೊರತು ಕಸುಬುದಾರ ಹೋಗಲಿಲ್ಲ. ಬ್ರಿಟನ್ನಿನಲ್ಲೂ ಇದೇ ಪದ್ಧತಿ: ಚಾಸಿ ಒಬ್ಬರದು, ಮೈಕಟ್ಟು ಇನ್ನೊಬ್ಬರದು. ವಿದೇಶದಿಂದ ವಾಹನ ತರಿಸುವ ಕಾಲದಲ್ಲಿ ಈ ಪದ್ಧತಿಗೆ ಮತ್ತೊಂದು ಅನುಕೂಲವೂ ಕೂಡಿಕೊಂಡಿತು. ಲಾರಿಯ ಬಾಡಿ ಎಂದರೆ ಬಹುಪಾಲು ಗಾಳಿ. ಹಡಗಿನಲ್ಲಿ ಗಾಳಿ ತರಿಸಲು ಯಾರು ಬಾಡಿಗೆ ತೆತ್ತಾರು? ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು, ಫೋರ್ಡ್ ಕೂಡ ಅದೇ ಜಾಡಿನಲ್ಲಿ ಬಂತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಟ್ರಕ್ಕುಗಳು ಹರಾಜಿಗೆ ಬಂದವು. ಅವನ್ನು ಕೊಂಡು ಸಾಗಣೆ ವ್ಯಾಪಾರಕ್ಕಿಳಿದವರು ಅನೇಕರು. ಸಿಪಾಯಿಗಳನ್ನು ಹೊತ್ತ ಗಾಡಿ ಭತ್ತದ ಮೂಟೆ ಹೊರಬೇಕಾದರೆ ಅದರ ಮೈ ಬದಲಾಗಲೇಬೇಕಷ್ಟೆ. ಬಡಗಿಗೆ ಕೈತುಂಬ ಕೆಲಸ.

ಸ್ವಾತಂತ್ರ್ಯಾನಂತರ ಸರ್ಕಾರವು ಬರಿಯ ಜೋಡಣೆ ಸಾಲದು, ತಯಾರಿಕೆಯೂ ಇಲ್ಲೇ ಆಗಬೇಕೆಂದು 1953ರಲ್ಲಿ ಪಟ್ಟು ಹಿಡಿಯಿತು. ಅಮೆರಿಕದ ಕಂಪನಿಗಳು ಗಂಟುಮೂಟೆ ಕಟ್ಟಿದವು. 1954ರಲ್ಲಿ ಟಾಟಾದವರ ಟೆಲ್ಕೊ, ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಟ್ರಕ್ ತಯಾರಿಸತೊಡಗಿತು. 1948ರಲ್ಲಿ ಆಸ್ಟಿನ್ ಕಾರುಗಳಿಗಾಗಿ ಹುಟ್ಟಿದ್ದ ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೆಂಜ್ ಒಪ್ಪಂದ 1969ಕ್ಕೆ ಮುಗಿದು, ಟಾಟಾ ಲಾರಿಯ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಇಳಿದು ‘ಟಿ’ ಅಕ್ಷರ ಏರಿತು.

ಇಷ್ಟೆಲ್ಲ ದೊಡ್ಡ ಕಾರ್ಖಾನೆಗಳಿಗೆ ಒಂದು ಕ್ಯಾಬಿನ್ ಮಾಡಿಕೊಡುವುದು ಅಸಾಧ್ಯವಾಗಿತ್ತೆ? ಅಸಾಧ್ಯವೇನಲ್ಲ, ಲಾಭದ್ದಾಗಿರಲಿಲ್ಲ. ಉಕ್ಕಿನ ಹಾಳೆಯನ್ನು ಒತ್ತಿ ಕ್ಯಾಬಿನ್ ಮಾಡಲು ಬೃಹತ್ ಪ್ರೆಸ್ಸುಗಳೂ ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಅಚ್ಚುಗಳೂ ಬೇಕು. ಒಂದೇ ಆಕಾರದ ಕ್ಯಾಬಿನ್ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಬಂದರೆ ಮಾತ್ರ ಆ ಅಚ್ಚಿನ ಖರ್ಚು ಗಿಟ್ಟುತ್ತದೆ. ಬಡಗಿಗಾದರೋ ಅಚ್ಚು ತಲೆಯಲ್ಲಿಯೇ ಇದೆ. ಉಕ್ಕು ಆಗ ಸರ್ಕಾರದ ಹತೋಟಿಯಲ್ಲಿ ಸಿಗುತ್ತಿದ್ದ ವಸ್ತು, ಮರ ಹತ್ತಿರದಲ್ಲೇ ಇತ್ತು. ಸಣ್ಣ ಉದ್ದಿಮೆಗಳಿಗಿದ್ದ ಸುಂಕ ವಿನಾಯಿತಿಯಿಂದ ಶೆಡ್ಡಿನಲ್ಲಿ ಕಟ್ಟಿದ ಬಾಡಿ ಅಗ್ಗವಾಗುತ್ತಿತ್ತು. ಚಾಸಿಗೆ ಹೆಸರು ಬರೆಸಿ ಕಾಯುತ್ತಿದ್ದ ಗಿರಾಕಿ ಬಾಡಿ ಹೇಗಿದೆಯೆಂದು ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಹೀಗಾಗಿ ಕಂಪನಿ ‘ಕೌಲ್’ ಎಂಬ ಮೂತಿಯನ್ನು ಮಾತ್ರ ಕೂರಿಸಿ ಕೈತೊಳೆದುಕೊಂಡಿತು.

ಬಾಡಿ ಕಟ್ಟುವುದನ್ನು ಹೊರಗಿನಿಂದ ನೋಡಿದವರಿಗೆ ಅದು ದೊಡ್ಡ ಪೆಟ್ಟಿಗೆ ಮಾಡುವ ಕೆಲಸದಂತೆ ಕಾಣುತ್ತದೆ. ಅಷ್ಟು ಸುಲಭವಲ್ಲ. ಲಾರಿಯ ಚಾಸಿ ಏಣಿಯಂತಿದೆ: ಎರಡು ಉದ್ದ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಒಂದು ಚಕ್ರ ಹಳ್ಳಕ್ಕಿಳಿದಾಗ ಈ ಏಣಿ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಬೇಕು ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಅದರ ಮೇಲೆ ಬಿಗಿಯಾದ ಪೆಟ್ಟಿಗೆಯೊಂದನ್ನು ಭದ್ರವಾಗಿ ಬೆಸೆದುಬಿಟ್ಟರೆ ಎರಡರಲ್ಲೊಂದು ಸೀಳುವುದು ಖಚಿತ. ಆದ್ದರಿಂದ ತೊಲೆಗಳ ಮೇಲೆ ಉದ್ದಕ್ಕೂ ಗಟ್ಟಿ ಮರದ ದಿಮ್ಮಿ ಹಾಸಿ, ಅದನ್ನು ತೊಲೆಗೆ ಯು-ಬೋಲ್ಟುಗಳಿಂದ ಅಪ್ಪಿ ಹಿಡಿಸುತ್ತಾರೆ. ತೊಲೆಯ ಅಂಚಿಗೆ ತೂತು ಕೊರೆಯುವಂತಿಲ್ಲ, ವೆಲ್ಡಿಂಗ್ ಮಾಡುವಂತಿಲ್ಲ. ಮಾಡಿದರೆ ಬಿರುಕು ಅಲ್ಲಿಂದಲೇ ಆರಂಭ. ಮರ ತುಸು ಬಾಗಿ, ತುಸು ಜರುಗಿ ಚಾಸಿಯ ತಿರುಚನ್ನು ನುಂಗಿಕೊಳ್ಳುತ್ತದೆ. ದಿಮ್ಮಿಯ ಮುಂತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಇಳಿಸುವುದೂ ಭಾರ ಒಂದೇ ಕಡೆ ಕಚ್ಚಬಾರದೆಂದು. ಪುಸ್ತಕದಲ್ಲಿ ಎಂಜಿನಿಯರುಗಳು ‘ಒತ್ತಡದ ಕೇಂದ್ರೀಕರಣ’ ಎಂದು ಕರೆಯುವುದನ್ನು ಶೆಡ್ಡಿನ ಮೇಸ್ತ್ರಿ ಆ ಹೆಸರು ಹೇಳದೆಯೇ ನಿಭಾಯಿಸುತ್ತಾನೆ.

ದಿಮ್ಮಿಯ ಮೇಲೆ ಅಡ್ಡತೊಲೆಗಳು, ಅವುಗಳ ಮೇಲೆ ಹಲಗೆಯ ನೆಲ, ಸುತ್ತ ಕಂಬಗಳು, ಕಂಬಗಳ ನಡುವೆ ಪಕ್ಕದ ಹಲಗೆಗಳು, ಮೂಲೆಗಳಿಗೆ ಕಬ್ಬಿಣದ ಪಟ್ಟಿ. ಭಾರಕ್ಕೆ ಪಕ್ಕಗಳು ಉಬ್ಬದಂತೆ ಈ ಕಡೆಯಿಂದ ಆ ಕಡೆಗೆ ಸರಪಳಿ. ಟಾರ್ಪಾಲು ಬಿಗಿಯಲು ಹೊರಗೆ ಕೊಕ್ಕೆಗಳು. ಕ್ಯಾಬಿನ್ನಿನ ನೆತ್ತಿಯ ಮೇಲೆ ಹಗ್ಗ, ಟಾರ್ಪಾಲುಗಳಿಗೊಂದು ಕಟಕಟೆ. ಸೆಕೆಯ ರಾತ್ರಿ ಕ್ಲೀನರ್ ಹುಡುಗನಿಗೆ ಅದೇ ಮಹಡಿ.

ಸರಕಿಗೆ ತಕ್ಕ ಬಾಡಿ ಎಂಬುದೇ ಈ ಕಸುಬಿನ ನಿಜವಾದ ಬಲ. ಹತ್ತು ಟನ್ ಕಬ್ಬಿಣದ ಅದಿರಿಗೆ ನಾಲ್ಕೈದು ಘನ ಮೀಟರ್ ಜಾಗ ಸಾಕು. ಅಷ್ಟೇ ತೂಕದ ಹತ್ತಿಯೆಂದರೆ 170 ಕಿಲೋದ ಸುಮಾರು ಅರವತ್ತು ಅಂಡಿಗೆ, ಜಾಗ ಅದರ ಐದು ಪಟ್ಟು. ಆದ್ದರಿಂದ ಬಳ್ಳಾರಿ, ಹೊಸಪೇಟೆಗಳ ಅದಿರಿನ ಲಾರಿಗೆ ಗಿಡ್ಡನೆಯ ಉಕ್ಕಿನ ತೊಟ್ಟಿ. ಹತ್ತಿಯ ಲಾರಿಗೆ ಎತ್ತರದ ಅಗಲದ ಮೈ. ಚಾಮರಾಜನಗರದ ಕಡೆಯ ಕಪ್ಪು ಗ್ರಾನೈಟ್ ದಿಮ್ಮಿಗೆ ಪಕ್ಕದ ಗೋಡೆಯೇ ಬೇಡ, ನೆಲವೊಂದು ಗಟ್ಟಿಯಿದ್ದರಾಯಿತು. ಟ್ಯಾಂಕರಿನದು ಇನ್ನೊಂದು ಫಜೀತಿ. ಉರುಟಾದ ಟ್ಯಾಂಕು ಸ್ವಲ್ಪವೂ ಬಾಗದು, ಹಾಗಾಗಿ ಅದನ್ನು ಕೆಲವೇ ಬಿಂದುಗಳ ಮೇಲೆ, ಸ್ಪ್ರಿಂಗು ರಬ್ಬರುಗಳ ನಡುವೆ ಕೂರಿಸಬೇಕು. ಒಂದೇ ಕಾರ್ಖಾನೆ ಇಷ್ಟೆಲ್ಲ ಬಗೆಗಳನ್ನು ಮಾಡಿಕೊಡಲು ಹೊರಟಿದ್ದರೆ ಮುಳುಗಿಹೋಗುತ್ತಿತ್ತು.

ತಮಿಳುನಾಡಿನ ನಾಮಕ್ಕಲ್ ಈ ಕಸುಬಿನಿಂದಲೇ ದಕ್ಷಿಣ ಭಾರತದ ಲಾರಿಗಳ ತವರೆನಿಸಿತು. ದೂರದ ಊರುಗಳ ಮಾಲೀಕರೂ ಚಾಸಿಯನ್ನು ಅಲ್ಲಿಗೆ ಓಡಿಸಿಕೊಂಡು ಹೋಗಿ ಬಾಡಿ ಕಟ್ಟಿಸಿ ತರುತ್ತಾರೆ. ಪಕ್ಕದ ತಿರುಚೆಂಗೋಡು ಕೊಳವೆಬಾವಿ ಕೊರೆಯುವ ಲಾರಿಗಳಿಗೆ ಪ್ರಸಿದ್ಧ. ಕೋಲಾರದಲ್ಲೋ ತುಮಕೂರಿನಲ್ಲೋ ರಾತ್ರಿಯಿಡೀ ಬೋರ್‌ವೆಲ್ ಕೊರೆಯುವ ಗಾಡಿಯ ಮೈಮೇಲಿನ ವಿಳಾಸ ಓದಿ ನೋಡಿ, ತಿರುಚೆಂಗೋಡು ಕಂಡರೆ ಆಶ್ಚರ್ಯವಿಲ್ಲ.

ಕೊನೆಗೆ ಬಣ್ಣ. ಇಡೀ ದೇಶ ಸುತ್ತುವ ನ್ಯಾಷನಲ್ ಪರ್ಮಿಟ್ ಯೋಜನೆ 1975ರಲ್ಲಿ ಬಂತು. ಅಂಥ ಲಾರಿಗಳಿಗೆ ಒಣಗಿದ ಎಲೆಯ ಕಂದುಬಣ್ಣ, ಮೂವತ್ತು ಸೆಂಟಿಮೀಟರ್ ಅಗಲದ ಬಿಳಿಯ ಅಂಚು ಇರಬೇಕೆಂದು 1989ರ ಕೇಂದ್ರ ನಿಯಮಗಳು ಹೇಳಿದವು. ಬಾಡಿಯ ಬಣ್ಣ ಸರ್ಕಾರದ್ದಾಯಿತು. ಉಳಿದ ಹಣೆ, ಬಾಗಿಲು, ಬೆನ್ನುಗಳಲ್ಲಿ ದೇವರು, ಮಕ್ಕಳ ಹೆಸರು, ಹಸು ಕರು, ಕಮಲ, ನಿಂಬೆಹಣ್ಣು ಮೆಣಸಿನಕಾಯಿ. ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಎಂಬ ಬರಹವನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ನಿಷೇಧಿಸಿತು, ಸುಮ್ಮನೆ ಹಾರ್ನ್ ಬಾರಿಸಲು ಕುಮ್ಮಕ್ಕು ಕೊಡುತ್ತದೆಯೆಂದು! ಈ ಚಿತ್ರಗಳ ಬಗ್ಗೆ ಬರೆದವರು, ಫೋಟೋ ತೆಗೆದವರು ಬಹಳ ಮಂದಿ. ಆ ಚಿತ್ರಗಳ ಹಿಂದಿನ ಹಲಗೆಯ ಬಗ್ಗೆ ಕೇಳಿದವರು ಕಡಿಮೆ.

ಹಲಗೆಯ ಮಾತಿಗೆ ಬರೋಣ. ಬಡಗಿ ಕಟ್ಟಿದ ಕ್ಯಾಬಿನ್ ಎಂದರೆ ಮರದ ಚೌಕಟ್ಟು, ಮೇಲೆ ತೆಳು ತಗಡು. ಸರಕಿನ ಭಾಗದಲ್ಲಿ ಗುಣವಾಗಿದ್ದ ಮರ ಇಲ್ಲಿ ಅಪಾಯವಾಯಿತು. ಎದುರಿನಿಂದ ಡಿಕ್ಕಿಯಾದರೆ ಉಕ್ಕಿನ ಕ್ಯಾಬಿನ್ ಮಡಿಚಿಕೊಂಡು ಹೊಡೆತವನ್ನು ಒಂದಿಷ್ಟಾದರೂ ಹೀರಿಕೊಳ್ಳುತ್ತದೆ. ಮರದ ಚೌಕಟ್ಟು ಸಂದುಗಳಲ್ಲಿ ಬಿಚ್ಚಿಕೊಂಡು ಸೀಳುಗಳಾಗುತ್ತದೆ. ಪೈಪು, ಸರಳುಗಳನ್ನು ಹೇರಿದ ಲಾರಿ ಗಕ್ಕನೆ ಬ್ರೇಕ್ ಹಾಕಿದಾಗ ಸರಕು ಮುಂದಕ್ಕೆ ನುಗ್ಗುತ್ತದೆ, ಚಾಲಕನ ಬೆನ್ನಿಗೂ ಅದಕ್ಕೂ ನಡುವೆ ಇರುವುದು ಕೆಲವು ಹಲಗೆ. ಡಿಕ್ಕಿಯಾಗದ ದಿನಗಳಲ್ಲೂ ಸುಖವಿಲ್ಲ. ಎಂಜಿನ್ನಿನ ಗೂಡು ಪಕ್ಕದಲ್ಲೇ, ಅದರ ಕಾವು ಕಾಲಿಗೆ, ಸದ್ದು ಕಿವಿಗೆ. ಚಾಲಕನ ಎತ್ತರ ಎಷ್ಟೇ ಇರಲಿ, ಆಸನ ಸ್ಥಿರ.

ಶೆಡ್ಡಿನವನಿಗೆ ಒಳ್ಳೆಯದು ಕಟ್ಟಲು ಬರುತ್ತಿರಲಿಲ್ಲ ಎಂದಲ್ಲ. ಕಟ್ಟಿಸುವವನು ಒಬ್ಬ, ಒಳಗೆ ಕೂರುವವನು ಇನ್ನೊಬ್ಬ ಎಂಬುದೇ ತೊಡಕು. ಮಾಲೀಕನೇ ಚಾಲಕನಾಗಿರುವ ಲಾರಿಗಳು ಉಂಟಾದರೂ, ಬಹಳಷ್ಟು ಕಡೆ ಚಾಲಕ ಸಂಬಳಕ್ಕೋ ಭತ್ಯೆಗೋ ದುಡಿಯುವವನು. ಬಾಡಿಯ ತೂಕ ಒಂದೊಂದು ಕಿಲೋ ಹೆಚ್ಚಿದಂತೆಯೂ ಕಾನೂನಿನ ಮಿತಿಯೊಳಗೆ ಹೇರಬಹುದಾದ ಸರಕು ಅಷ್ಟೇ ಕಡಿಮೆ. ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ ಬಹುಕಾಲ 16.2 ಟನ್ ಇದ್ದು, 18.5 ಟನ್ನಿಗೆ ಏರಿದ್ದು 2018ರಲ್ಲಿ. ಹೀಗಿರುವಾಗ ಕ್ಯಾಬಿನ್ನಿಗೆ ಹೆಚ್ಚು ಉಕ್ಕು ಹಾಕಿಸಿ ಬಾಡಿಗೆ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಸ್ವೀಡನ್ನಿನಲ್ಲಿ 1960ರ ಸುಮಾರಿಗೇ ಲಾರಿಯ ಕ್ಯಾಬಿನ್ನಿನ ಚಾವಣಿಯ ಮೇಲೆ ಟನ್ನುಗಟ್ಟಲೆ ಭಾರ ಹೇರಿ, ಲೋಲಕದಂತೆ ತೂಗುಬಿಟ್ಟ ಗುಂಡಿನಿಂದ ಗುದ್ದಿಸಿ, ಒಳಗೆ ಮನುಷ್ಯ ಬದುಕುವಷ್ಟು ಜಾಗ ಉಳಿಯಿತೇ ಎಂದು ಅಳೆಯುವ ಪದ್ಧತಿ ಬಂದಿತ್ತು. ಯುರೋಪಿನ ಉಳಿದ ದೇಶಗಳು 1970ರ ದಶಕದಲ್ಲಿ ಇಂಥದೇ ನಿಯಮ ಮಾಡಿಕೊಂಡವು. ನಮ್ಮಲ್ಲಿ ಅಂಥ ಪ್ರಶ್ನೆಯನ್ನು ಕೇಳಿದ್ದೇ ತೀರಾ ತಡವಾಗಿ.

ಬದಲಾವಣೆ ಮೊದಲು ಬಂದದ್ದು ಸಣ್ಣ ಟ್ರಕ್ಕುಗಳಿಂದ. 1980ರ ದಶಕದ ನಡುವೆ ಜಪಾನಿನ ಕಂಪನಿಗಳ ಸಹಯೋಗದಲ್ಲಿ ಐಷರ್, ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್ ಗಾಡಿಗಳು ಕಾರ್ಖಾನೆಯ ಉಕ್ಕಿನ ಕ್ಯಾಬಿನ್ ಹೊತ್ತೇ ರಸ್ತೆಗಿಳಿದವು. ಟಾಟಾದವರ 407 ಬಂದದ್ದು 1986ರಲ್ಲಿ. ಭಾರೀ ಲಾರಿಗಳಲ್ಲಿ ಅಶೋಕ್ ಲೇಲ್ಯಾಂಡಿನ ‘ಕಾರ್ಗೊ’ ಗಮನಾರ್ಹ. ಅದರ ಕ್ಯಾಬಿನ್ ಮೂಲತಃ 1981ರಲ್ಲಿ ಬ್ರಿಟನ್ನಿನಲ್ಲಿ ಫೋರ್ಡ್ ಕಂಪನಿ ಹೊರತಂದದ್ದು. ಫೋರ್ಡಿನ ಟ್ರಕ್ ವ್ಯವಹಾರ 1986ರಲ್ಲಿ ಇಟಲಿಯ ಇವೆಕೊ ಜೊತೆ ಕೂಡಿ, 1990ರ ದಶಕದಲ್ಲಿ ಇವೆಕೊ ನಂಟಿನಿಂದ ನಮ್ಮ ದೇಶಕ್ಕೂ ಬಂತು. 1998ರಲ್ಲಿ ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ವೋಲ್ವೊ ಟ್ರಕ್ ಕಾರ್ಖಾನೆ ಆರಂಭವಾಯಿತು. ಗುದ್ದಿಸಿ ನೋಡುವ ಪದ್ಧತಿಯ ಸ್ವೀಡನ್ನಿನ ಕ್ಯಾಬಿನ್ನು ನಮ್ಮ ಹಳೇ ಮದರಾಸು ರಸ್ತೆಯ ಬದಿಗೇ ಬಂದಿತ್ತು. ಬೆಲೆ ಮಾತ್ರ ಸಾಮಾನ್ಯ ಮಾಲೀಕನ ಕೈಗೆಟುಕುವಂತಿರಲಿಲ್ಲ.

ಕಾನೂನು ನಿಧಾನವಾಗಿ ಹಿಂದೆ ಬಂತು. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಮೋಟಾರು ಸಂಶೋಧನಾ ಸಂಸ್ಥೆ ಎ.ಆರ್.ಎ.ಐ. ಪ್ರಕಟಿಸುವ ಮಾನದಂಡಗಳಲ್ಲಿ 029 ಎಂಬುದು ಡಿಕ್ಕಿಯ ನಂತರ ಕ್ಯಾಬಿನ್ನಿನಲ್ಲಿ ಉಳಿಯಬೇಕಾದ ಜಾಗವನ್ನು ಕುರಿತದ್ದು, 093 ಎಂಬುದು ಲಾರಿ ಬಾಡಿಯ ಸಂಹಿತೆ. ಭಾರೀ ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಟು, 2025ರಲ್ಲಿ ಹೊಸದಾಗಿ ತಯಾರಾಗುವ ಗಾಡಿಗಳಿಗೆ ಅನ್ವಯವಾಯಿತು. ಸೆಕೆಯ ನಾಡಿನಲ್ಲಿ ಇದಕ್ಕೆ ಎಪ್ಪತ್ತು ವರ್ಷ ಹಿಡಿದದ್ದು ಸೋಜಿಗವೇ.

ಚಾಲಕನ ಪರವಾದ ಈ ನಿಯಮಗಳನ್ನು ಆಕ್ಷೇಪಿಸುವುದು ಕಷ್ಟ. ಆದರೆ ನಕ್ಷೆ, ಲೆಕ್ಕಾಚಾರ, ಮಾದರಿಯ ಪರೀಕ್ಷೆ, ಅನುಮೋದನೆ ಪತ್ರಗಳು ಅಂದಾಜಿನ ಮೇಲೆ ಅಳತೆ ಹಾಕುತ್ತಿದ್ದ ಮೇಸ್ತ್ರಿಗೆ ಒಗ್ಗುವಂಥವಲ್ಲ. ನಾಲ್ಕಾರು ಜನರ ಶೆಡ್ಡು ಪುಣೆಗೆ ಮಾದರಿ ಕಳಿಸಿ ಪರೀಕ್ಷೆಯ ಶುಲ್ಕ ಕಟ್ಟುವುದಾದರೂ ಹೇಗೆ? ಅವರನ್ನು ಕೈಹಿಡಿದು ಈಚೆ ದಡಕ್ಕೆ ತರುವ ಕೆಲಸ ನಿಯಮ ಮಾಡಿದಷ್ಟು ಉತ್ಸಾಹದಿಂದ ನಡೆಯಲಿಲ್ಲವೆಂದೇ ನನ್ನ ಭಾವನೆ. ಬಂಡವಾಳವುಳ್ಳವರು ಟಿಪ್ಪರ್, ಟ್ಯಾಂಕರ್, ಕಂಟೈನರ್‌ಗಳ ಕಡೆ ಹೊರಳಿ ದೊಡ್ಡವರಾದರು. ಮರದ ಕೆಲಸವನ್ನೇ ನಂಬಿದ್ದವರಲ್ಲಿ ಅನೇಕರು ರಿಪೇರಿಗೆ ಇಳಿದರು: ಮುರಿದ ಹಲಗೆ, ಸಡಿಲಿದ ಬೋಲ್ಟು, ಹರಿದ ಸೀಟು. ಹೊಸ ಲಾರಿ ಉಕ್ಕಿನ ಕ್ಯಾಬಿನ್ನಿನೊಂದಿಗೇ ಶೆಡ್ಡಿಗೆ ಬರುವ ಕಡೆ ಬಡಗಿಯ ಪಾಲಿಗೆ ಉಳಿದಿರುವುದು ಅದರ ಹಿಂದಿನ ಮೈ, ಮತ್ತು ಮಾಲೀಕ ಬಯಸಿದರೆ ನೆತ್ತಿಯ ಮೇಲಿನ ಆ ಹಳೆಯ ಕಟಕಟೆ.