ಪ್ರೊಸೆಸರಿಗೊಂದು ಒರೆಗಲ್ಲು

ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವುದನ್ನು ನಾವೆಲ್ಲ ಬಲ್ಲೆವು. ಆದರೆ ಉಗುರಿನಗಲದ ಸಿಲಿಕಾನ್ ಚೂರನ್ನು ಒರೆಗೆ ಹಚ್ಚುವುದು ಹೇಗೆ? ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರಿನ ವಿಷಯದಲ್ಲಿ 1990ರ ದಶಕದ ಗ್ರಾಹಕರನ್ನು ಕಾಡಿದ ಪ್ರಶ್ನೆಯಿದು.

ಒಂದೇ ಕಾರ್ಖಾನೆಯಲ್ಲಿ ಒಂದೇ ವಿನ್ಯಾಸದಂತೆ ತಯಾರಾದ ಚಿಪ್‌ಗಳೆಲ್ಲವೂ ಒಂದೇ ವೇಗವನ್ನು ತಾಳಿಕೊಳ್ಳಲಾರವು. ತಯಾರಕರು ಅವನ್ನು ಪರೀಕ್ಷಿಸಿ, ವಿಂಗಡಿಸಿ, ಇಷ್ಟು ಮೆಗಾಹರ್ಟ್ಸ್ ಎಂದು ಅಚ್ಚೊತ್ತುತ್ತಾರೆ. ವೇಗ ಹೆಚ್ಚಿದಂತೆ ಬೆಲೆಯೂ ಹೆಚ್ಚು. ಮೋಸಕ್ಕೆ ದಾರಿಯಾದದ್ದು ಇಲ್ಲಿಯೇ. ಕೆಲವರು ಮೂಲ ಅಚ್ಚನ್ನು ಅಳಿಸಿ, ದೊಡ್ಡ ಅಂಕಿಯನ್ನು ಬರೆದು ಮಾರತೊಡಗಿದರು. ಕೊಂಡವನ ಯಂತ್ರ ಓಡೇನೋ ಓಡುತ್ತಿತ್ತು. ಆದರೆ ಬಿಸಿಯೇರಿದಾಗ ನಡುವೆಯೇ ನಿಂತುಬಿಡಬಹುದಿತ್ತು, ಲೆಕ್ಕವೂ ತಪ್ಪಬಹುದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ!

ಮೊದಮೊದಲು ತಂತ್ರಾಂಶ ಬರೆಯುವವರು ಉಪಾಯದಿಂದ ಚಿಪ್‌ನ ಜಾತಿಯನ್ನು ತಿಳಿಯುತ್ತಿದ್ದರು. ಫ್ಲ್ಯಾಗ್ ರಿಜಿಸ್ಟರಿನ 18ನೆಯ ಬಿಟ್ ಬದಲಾಗದಿದ್ದರೆ 386, ಬದಲಾದರೆ 486. 1993ರಲ್ಲಿ ಬಂದ ಪೆಂಟಿಯಂ ಈ ತೊಡಕನ್ನು ನೀಗಿಸಿತು. ಸಿಪಿಯುಐಡಿ ಎಂಬ ಆದೇಶವನ್ನಿತ್ತರೆ ಚಿಪ್ ತನ್ನ ತಯಾರಕರ ಗುರುತನ್ನು 12 ಅಕ್ಷರಗಳಲ್ಲಿ ತಾನೇ ಹೇಳುತ್ತಿತ್ತು. ತನ್ನ ಕುಟುಂಬ, ಮಾದರಿಗಳನ್ನೂ ತಿಳಿಸುತ್ತಿತ್ತು. ಗಡಿಯಾರದ ಮಿಡಿತಗಳನ್ನು ಎಣಿಸುವ ಏರ್ಪಾಡೂ ಅದರಲ್ಲಿತ್ತು. ಆ ಎಣಿಕೆಯನ್ನು ಯಂತ್ರದ ಟೈಮರಿನೊಡನೆ ಹೋಲಿಸಿ, ಓಡುತ್ತಿರುವ ವೇಗವನ್ನು ತಂತ್ರಾಂಶ ಲೆಕ್ಕಹಾಕಬಲ್ಲದಾಗಿತ್ತು.

ಆದರೆ ಓಡುತ್ತಿರುವ ವೇಗ ಬೇರೆ, ಓಡಲು ಯೋಗ್ಯವಾದ ವೇಗ ಬೇರೆ. ಎರಡನೆಯದನ್ನು ಪೆಂಟಿಯಂ ಹೇಳುತ್ತಿರಲಿಲ್ಲ. ಬಲವಂತವಾಗಿ ಓಡಿಸಿದ ಚಿಪ್ ಕೂಡ ಪರೀಕ್ಷೆಯಲ್ಲಿ ದೊಡ್ಡ ಅಂಕಿಯನ್ನೇ ತೋರಿಸುತ್ತಿತ್ತು. ಸಾಲದ್ದಕ್ಕೆ, 1996ರಲ್ಲಿ ಸೈರಿಕ್ಸ್ ಮೊದಲಾದ ಸಂಸ್ಥೆಗಳು ಪಿಆರ್ ಎಂಬ ಬೇರೊಂದು ಅಳತೆಯನ್ನು ತಂದವು. ಸೈರಿಕ್ಸ್‌ನ ಪಿಆರ್ 200+ ಚಿಪ್‌ನ ನಿಜವಾದ ವೇಗ 150 ಮೆಗಾಹರ್ಟ್ಸ್. 200 ಎಂಬುದು ಪೆಂಟಿಯಂಗೆ ಹೋಲಿಸಿದ ಸಾಮರ್ಥ್ಯದ ಸೂಚಿ.

ಮುಂದೆ ಇಂಟೆಲ್ ತನ್ನ ಚಿಪ್‌ಗಳ ವೇಗದ ಗುಣಕಕ್ಕೆ ಬೀಗ ಹಾಕಿತು. ಆದರೂ ಬಸ್ಸಿನ ವೇಗದ ಕಿಂಡಿ ತೆರೆದೇ ಇತ್ತು. 1998ರ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ಗುಣಕ 4.5. ಬಸ್ಸನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಚಿಪ್ 450ರಲ್ಲಿ ಓಡುತ್ತಿತ್ತು. ಅರಿತು ಮಾಡಿದವನಿಗೆ ಅದು ಹವ್ಯಾಸ. ಅರಿಯದವನಿಗೆ ಅದನ್ನೇ 450 ಎಂದು ಮಾರಿದರೆ ವಂಚನೆ.

2000ದಲ್ಲಿ ಬಂದ ಪೆಂಟಿಯಂ 4ರ ಒಳಗೆ ಹೆಸರಿನ ಜೊತೆಗೆ ನಿಗದಿತ ವೇಗವನ್ನೂ ಬರೆದಿಡಲಾಯಿತು. ಇಂಟೆಲ್ ಒದಗಿಸಿದ ಫ್ರೀಕ್ವೆನ್ಸಿ ಐಡಿ ತಂತ್ರಾಂಶವು ನಿಗದಿತ ವೇಗ, ಓಡುತ್ತಿರುವ ವೇಗ ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸುತ್ತಿತ್ತು. ಎರಡೂ ಹೊಂದದಿದ್ದರೆ ಗ್ರಾಹಕನು ಅಂಗಡಿಯವನನ್ನು ಧೈರ್ಯವಾಗಿ ಕೇಳಬಹುದಾಗಿತ್ತು. ಈ ಕಥೆ ಕಲಿಸುವ ಪಾಠವೂ ಅದೇ: ಅಳತೆ ಒಂದೇ ಸಾಲದು, ಅಳೆದದ್ದನ್ನು ಹೋಲಿಸಿ ನೋಡಲು ನಂಬಬಹುದಾದ ದಾಖಲೆಯೂ ಬೇಕು.